ಅಕ್ಷರವೇಷ ಧರಿಸಿದ ಅಂಕಿಗಳು

ಅಲಸನಾದ ಲಿಪಿಕಾರನಿಂದ ಗ್ರಂಥಕ್ಕಾಗುವ ಕೇಡಿಗಿಂತ, ತಾನೇ ತಿದ್ದಹೊರಡುವ ಲಿಪಿಕಾರನಿಂದಾಗುವ ಕೇಡು ಹೆಚ್ಚಿನದು. ಓಲೆಗರಿಗಳೊಡನೆ ಕಾಲ ಕಳೆದವರೆಲ್ಲರೂ ಇದನ್ನು ಬಲ್ಲರು. ಕಳೆದ ಶತಮಾನದ ಕೊನೆಯಲ್ಲಿ ಗಣಕಯಂತ್ರಗಳ ಪ್ರಪಂಚಕ್ಕೂ ಇದೇ ತೊಡಕು ಒದಗಿತು. ಅದರ ಪರಿಹಾರದ ಚರಿತ್ರೆಯು ವಾಚಕರಿಗೆ ರುಚಿಸೀತೆಂದು ನಂಬಿದ್ದೇನೆ.

ಲಘು ಗುರುಗಳೆರಡರಿಂದಲೇ ಛಂದಸ್ಸಿನ ಪ್ರಸ್ತಾರವೆಲ್ಲವೂ ಹುಟ್ಟುವಂತೆ, ಗಣಕಯಂತ್ರದಲ್ಲಿ ಚಿತ್ರವೂ ಧ್ವನಿಯೂ ಸೊನ್ನೆ, ಒಂದು ಎಂಬ ಎರಡೇ ಅಂಕಿಗಳ ಸಾಲಾಗಿ ನಿಲ್ಲುವುವು. ಇಂತಹ ಎಂಟು ಅಂಕಿಗಳ ಗುಂಪಿಗೆ ಬೈಟ್ ಎಂದು ಹೆಸರು. ಅದಕ್ಕೆ 256 ರೂಪಗಳುಂಟು. ಆದರೆ 1982ರಲ್ಲಿ ಜೋನಾಥನ್ ಪೋಸ್ಟೆಲ್ ಅವರು ಬರೆದ ಮಿಂಚಂಚೆಯ ನಿಯಮಾವಳಿಯು ಏಳು ಅಂಕಿಗಳಲ್ಲಿ ಅಡಗುವ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಒಪ್ಪುತ್ತಿದ್ದಿತು. ನಡುದಾರಿಯ ಕೆಲವು ಯಂತ್ರಗಳು ಎಂಟನೆಯ ಅಂಕಿಯನ್ನು ಅಳಿಸುತ್ತಿದ್ದುವು. ಕೆಲವು ಸಾಲಿನ ಕೊನೆಯನ್ನು ತಮ್ಮ ಪದ್ಧತಿಗೆ ತಿದ್ದುತ್ತಿದ್ದುವು. ಇದರಿಂದ ಇಂಗ್ಲಿಷ್ ಪತ್ರಕ್ಕೆ ಬಾಧೆಯಿಲ್ಲ, ಚಿತ್ರವಾದರೋ ಕೆಟ್ಟೇಹೋಗುವುದು.

ಅಂಕಿಗಳಿಗೆ ಅಕ್ಷರಗಳ ವೇಷ ತೊಡಿಸಿ ಕಳುಹುವುದೇ ಇದಕ್ಕೆ ಉಪಾಯ. ಕಟಪಯಾದಿ ಕ್ರಮದಿಂದ ಸಂಖ್ಯೆಯನ್ನು ಶ್ಲೋಕದಲ್ಲಿ ಅಡಗಿಸಿದವರ ನಾಡಿಗೆ ಇದು ಹೊಸದೇನೂ ಅಲ್ಲ. 1980ರಲ್ಲಿಯೇ ಅಮೆರಿಕೆಯ ಬರ್ಕ್ಲಿಯಲ್ಲಿ ಮೇರಿ ಆನ್ ಹಾರ್ಟನ್ ಅವರು ಯುಯುಎನ್‌ಕೋಡ್ ಎಂಬ ವಿಧಾನವನ್ನು ರಚಿಸಿದ್ದರು. ಅದರಲ್ಲಿ ಬರಿಯ ತೆರಪೂ ಒಂದು ಅಕ್ಷರವಾಗಿದ್ದಿತು. ಸಾಲಿನ ತುದಿಯ ತೆರಪನ್ನು ಯಂತ್ರವು ಒರೆಸಿದರೆ ಅರ್ಥವೇ ಹಾಳು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್, ನೆಡ್ ಫ್ರೀಡ್ ಎಂಬಿಬ್ಬರು ಮೈಮ್ ಎಂಬ ನಿಯಮದಲ್ಲಿ ಬೇಸ್64 ಕ್ರಮವನ್ನು ಸೇರಿಸಿದರು. ಮೂರು ಬೈಟುಗಳ 24 ಅಂಕಿಗಳನ್ನು ಆರಾರಾಗಿ ನಾಲ್ಕು ಪಾಲು ಮಾಡಿ, ಪ್ರತಿಯೊಂದು ಪಾಲಿಗೂ 64 ಚಿಹ್ನೆಗಳಲ್ಲಿ ಒಂದನ್ನು ಕೊಡುವುದು ಅದರ ರೀತಿ. ಎಲ್ಲ ಯಂತ್ರಗಳೂ ಕೆಡಿಸದೆ ಸಾಗಿಸುವ ಚಿಹ್ನೆಗಳನ್ನೇ ಆರಿಸಿದ್ದರು. ಮೂರಕ್ಕೆ ನಾಲ್ಕಾಗಿ ಹೊರೆಯು ಮೂರನೆಯ ಒಂದು ಪಾಲು ಹೆಚ್ಚುವುದು. ಅದೇ ದಾರಿಯ ಸುಂಕ.

ಮುಂದೆ ಜಾಲಸೇವೆಗಳು ಬಂದುವು. ಅಲ್ಲಿಯ ಮಾರ್ಗವು ಎಂಟು ಅಂಕಿಗಳನ್ನೂ ತಾಳಬಲ್ಲುದು. ಆದರೆ 1998ರಲ್ಲಿ ನಿಯಮಿತವಾದ ಎಕ್ಸ್‌ಎಮ್‌ಎಲ್ ಎಂಬ ಬರಹರೂಪವು ಅಕ್ಷರಗಳನ್ನಲ್ಲದೆ ಬೇರೆಯದನ್ನು ಒಪ್ಪದಾದುದರಿಂದ, ಅದರೊಳಗಿಡುವ ಚಿತ್ರಕ್ಕೆ ಹಳೆಯ ವೇಷವೇ ಮತ್ತೆ ಬೇಕಾಯಿತು. 2005ರಲ್ಲಿ ಡಬ್ಲ್ಯು3ಸಿ ಸಂಸ್ಥೆಯು ಎಮ್‌ಟಿಒಎಮ್ ಎಂಬ ಕ್ರಮವನ್ನು ಅಂಗೀಕರಿಸಿತು. ಪತ್ರದಲ್ಲಿ ಗುರುತನ್ನಿಟ್ಟು, ಚಿತ್ರವನ್ನು ಮೂಲರೂಪದಲ್ಲಿಯೇ ಬೇರೆ ಗಂಟಾಗಿ ಅದರೊಡನೆ ಕಳುಹುವುದು ಇದರ ಮರ್ಮ. ಆದರೂ ಇಂದು ಪ್ರಚಲಿತವಾದ ಜೇಸನ್ ಬರಹದೊಳಗೆ ಕಡತವನ್ನಿಡುವಾಗ ಬೇಸ್64 ವೇಷವನ್ನೇ ತೊಡಿಸುವುದುಂಟು.

ಇಂದು ರೋಗಿಯ ಎಲುಬಿನ ಚಿತ್ರವೂ, ಶಿಥಿಲವಾದ ಓಲೆಗರಿಯ ಪ್ರತಿಬಿಂಬವೂ ಈ ದಾರಿಗಳಲ್ಲಿಯೇ ಸಂಚರಿಸುತ್ತಿವೆ. ಅವು ಕೆಟ್ಟರೆ ನಷ್ಟವು ಯಂತ್ರದ್ದಲ್ಲ, ಮನುಷ್ಯನದು. ಹೊರುವವನು ಹೊರೆಯ ಅರ್ಥವನ್ನು ಅರಿಯಬೇಕಾದುದಿಲ್ಲ. ಇದ್ದುದನ್ನು ಇದ್ದಂತೆ ಮುಟ್ಟಿಸಿದರೆ ಸಾಕು. ವೇದಪಾಠವನ್ನು ಪದ, ಕ್ರಮ, ಜಟೆ, ಘನಗಳೆಂದು ಕಟ್ಟಿ ಕಾಪಾಡಿದ ಹಿರಿಯರಿಗೂ ಈ ನಿಷ್ಠೆಯೇ ಮುಖ್ಯವಾಗಿದ್ದಿತಲ್ಲವೆ?