ವೆನಿಸ್ ನಗರದ ಹೊರನಾಡಿಗರು

ಇಟಲಿಯ ಈಶಾನ್ಯದಲ್ಲಿ, ಏಡ್ರಿಯಾಟಿಕ್ ಕಡಲಂಚಿನ ಆಳವಿಲ್ಲದ ಹಿನ್ನೀರಿನ ನಡುವೆ, 118 ಪುಟ್ಟ ನಡುಗಡ್ಡೆಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಪೋಣಿಸಿ ಕಟ್ಟಿದ ನಗರ ವೆನಿಸ್. ನಮ್ಮಲ್ಲಿ ಅನೇಕರಿಗೆ ಅದರ ಪರಿಚಯವಾದದ್ದು ಷೇಕ್ಸ್‌ಪಿಯರನ ವರ್ತಕನ ನಾಟಕದಿಂದ. ಉಳಿದವರಿಗೆ ನೀರಬೀದಿಗಳಲ್ಲಿ ತೇಲುವ ಗೊಂಡೊಲಾ ದೋಣಿಗಳ ಚಿತ್ರಗಳಿಂದ. ಆ ನಗರಕ್ಕೆ ಇನ್ನೊಂದು ಚರಿತ್ರೆಯೂ ಉಂಟು. ತಾಯ್ನಾಡಿನಿಂದ ದೂರವಾಗಿ ಅಲ್ಲಿ ನೆಲೆಸಿದ ಜನ ತಂತಮ್ಮ ನುಡಿಯನ್ನು ಬಾಳಿಸಿಕೊಂಡ ಚರಿತ್ರೆ ಅದು. ಗಡಿಯಾಚೆಯಲ್ಲಿದ್ದು ಕನ್ನಡವನ್ನು ಉಳಿಸಿಕೊಳ್ಳಬೇಕೆನ್ನುವ ನಾವು ಅದನ್ನು ತಿಳಿಯುವುದು ಒಳ್ಳೆಯದು.

ವೆನಿಸ್ಸನ್ನು ಕಟ್ಟಿದವರೇ ಮೂಲತಃ ನೆಲೆ ತಪ್ಪಿದವರು. 452ರಲ್ಲಿ ಹೂಣರ ಅಟಿಲನು ಅಕ್ವಿಲೇಯ ಪಟ್ಟಣವನ್ನು ಹಾಳುಗೆಡಹಿದಾಗ, ಮತ್ತೆ 568ರಿಂದ ಲೊಂಬಾರ್ಡರು ದಂಡೆತ್ತಿ ಬಂದಾಗ, ಒಳನಾಡಿನ ಜನ ಕುದುರೆ ದಂಡು ತಲುಪಲಾರದ ಈ ಕೆಸರುದಿಣ್ಣೆಗಳಿಗೆ ಓಡಿಬಂದರು. ಅಲ್ಲಿ ಹೊಲವಿಲ್ಲ, ಕಲ್ಲಿಲ್ಲ, ಕುಡಿಯಲು ಸಿಹಿನೀರಿಲ್ಲ. ಕಾಲಕ್ರಮದಲ್ಲಿ ಅವರ ವಂಶದವರು ಮರದ ಕಂಬಗಳನ್ನು ಒತ್ತೊತ್ತಾಗಿ ಕೆಸರಿಗಿಳಿಸಿ, ಮೇಲೆ ಹಲಗೆ ಹಾಸಿ, ಇಸ್ಟ್ರಿಯದ ಗಟ್ಟಿ ಕಲ್ಲನ್ನಿಟ್ಟು ಮನೆಗಳನ್ನೆಬ್ಬಿಸಿದರು. ಗಾಳಿಯಾಡದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. ಚೌಕಗಳ ಅಡಿಯಲ್ಲಿ ಜೇಡಿಮಣ್ಣಿನ ತೊಟ್ಟಿಗಳನ್ನು ಮಾಡಿ, ಮಳೆನೀರನ್ನು ಮರಳಿನಲ್ಲಿ ಸೋಸಿ, ನಡುವಣ ಬಾವಿಯಿಂದ ಸೇದಿ ಕುಡಿದರು. ಉಪ್ಪು, ಮೀನುಗಳ ಮಾರಾಟದಿಂದ ಮೊದಲಾದ ಬಾಳು ಮುಂದೆ ಕಡಲ ವ್ಯಾಪಾರವನ್ನಾಳುವ ಗಣರಾಜ್ಯವಾಗಿ ಬೆಳೆಯಿತು.

ಆ ಸಂಪತ್ತಿನ ಒಂದು ಬೇರು ನಮ್ಮ ಪಶ್ಚಿಮ ಕರಾವಳಿಯಲ್ಲಿತ್ತು. ಇಲ್ಲಿಯ ಕಾಳುಮೆಣಸು ಕೆಂಪು ಸಮುದ್ರದ ದಾರಿಯಾಗಿ ಅಲೆಕ್ಸಾಂಡ್ರಿಯ ಸೇರಿ, ಅಲ್ಲಿಂದ ವೆನಿಸ್ಸಿನ ಹಡಗುಗಳನ್ನೇರಿ ಯುರೋಪಿಗೆ ಹಂಚಿಕೆಯಾಗುತ್ತಿತ್ತು. ಆ ದಾರಿಯ ಮೂಲವನ್ನು ಅರಸಿ ಬಂದವರೂ ಉಂಟು. ವೆನಿಸ್ ಹಿನ್ನೀರಿನ ಕಿಯೊಜ್ಜ ಊರಿನ ನಿಕೊಲೊ ಕೊಂತಿ 1420ರ ಸುಮಾರಿಗೆ ವಿಜಯನಗರವನ್ನು ಕಂಡ. ರಕ್ಕಸತಂಗಡಿಯ ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ವೆನಿಸ್ಸಿನ ವರ್ತಕ ಚೆಸಾರೆ ಫೆಡೆರಿಚಿ ಅದೇ ನಗರಕ್ಕೆ ಬಂದು ಏಳು ತಿಂಗಳು ನಿಂತ. ಮನೆಗಳು ಇನ್ನೂ ನಿಂತಿವೆ, ಆದರೆ ಬರಿದಾಗಿವೆ, ಹುಲಿ ಮೊದಲಾದ ಕಾಡುಮೃಗಗಳು ಅಲ್ಲಿ ವಾಸವಾಗಿವೆಯಂತೆ ಎಂದು ಅವನು ಬರೆದಿಟ್ಟ. ಅವನ ಪ್ರವಾಸ ಕಥನ 1587ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಹಂಪೆಯ ಕೊನೆಗಾಲದ ಒಂದು ಕಣ್ಣಾರೆ ಕಂಡ ಸಾಕ್ಷಿ ನಮಗೆ ದೊರೆತಿರುವುದು ಆ ದೂರದ ಅಚ್ಚುಕೂಟದಿಂದ.

ವೆನಿಸ್ಸಿಗೆ ಅಚ್ಚುಕೂಟವನ್ನು ತಂದವನೂ ಹೊರಗಿನವನೇ. ಜರ್ಮನಿಯ ಸ್ಪೇಯರ್ ಊರಿನ ಯೋಹಾನನು 1469ರಲ್ಲಿ ಅಲ್ಲಿ ಮುದ್ರಣವನ್ನು ಆರಂಭಿಸಿದ. ಕೆಲವೇ ದಶಕಗಳಲ್ಲಿ ಆ ನಗರ ಯುರೋಪಿನ ಬಹುದೊಡ್ಡ ಮುದ್ರಣ ಕೇಂದ್ರಗಳಲ್ಲೊಂದಾಯಿತು. ಅಲ್ಲಿಗೆ ಬಂದು ಸೇರಿದ್ದ ಪರನುಡಿಯ ಜನರಿಗೆ ಇದರಿಂದ ಅಪೂರ್ವ ಅವಕಾಶವೊದಗಿತು.

ಗ್ರೀಕರನ್ನು ನೋಡೋಣ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮೇಲೆ ಅನೇಕ ಗ್ರೀಕರು ವೆನಿಸ್ಸಿಗೆ ವಲಸೆ ಬಂದರು. 1498ರಲ್ಲಿ ಅವರು ಸರ್ಕಾರದ ಒಪ್ಪಿಗೆ ಪಡೆದು ತಮ್ಮದೇ ಸಂಘವನ್ನು ಸ್ಥಾಪಿಸಿಕೊಂಡರು. 1539ರಲ್ಲಿ ಆರಂಭಿಸಿದ ಇಗರ್ಜಿಯನ್ನು 1573ರಲ್ಲಿ ಮುಗಿಸಿದರು. ಆಲ್ಡಸ್ ಮನುಶಿಯಸ್ ಎಂಬ ಮುದ್ರಕ ಗ್ರೀಕ್ ವಿದ್ವಾಂಸರ ನೆರವಿನಿಂದ 1495ರಿಂದ 1498ರೊಳಗೆ ಅರಿಸ್ಟಾಟಲನ ಕೃತಿಗಳನ್ನು ಮೂಲ ಗ್ರೀಕಿನಲ್ಲೇ ಐದು ಸಂಪುಟಗಳಾಗಿ ಅಚ್ಚುಹಾಕಿದ. ತೊಮಾಸೊ ಫ್ಲಾಂಗಿನಿ ಎಂಬ ಗ್ರೀಕ್ ದಾನಿ ಬಿಟ್ಟುಹೋದ ಹಣದಿಂದ 1665ರಲ್ಲಿ ಗ್ರೀಕ್ ಮಕ್ಕಳಿಗೊಂದು ವಿದ್ಯಾಲಯ ತೆರೆಯಿತು.

ಯಹೂದ್ಯರ ಪಾಡು ಬೇರೆ. 1516ರಲ್ಲಿ ಗಣರಾಜ್ಯವು ಅವರನ್ನು ‘ಗೆಟ್ಟೊ’ ಎಂಬ ಒಂದೇ ಕೇರಿಗೆ ಕೂಡಿಹಾಕಿ, ರಾತ್ರಿ ಬಾಗಿಲಿಗೆ ಬೀಗ ಹಾಕಿಸಿತು. ಜಗತ್ತಿನ ಅನೇಕ ಭಾಷೆಗಳಿಗೆ ಹೋದ ಆ ಮಾತು ಹುಟ್ಟಿದ್ದು ಇಲ್ಲಿ. ಅದೇ ವರ್ಷಗಳಲ್ಲಿ ಡೇನಿಯಲ್ ಬಾಂಬರ್ಗ್ ಎಂಬ ಕ್ರೈಸ್ತ ಮುದ್ರಕ ಯಹೂದ್ಯ ಪಂಡಿತರನ್ನು ಕೂಡಿಕೊಂಡು ಬಾಬಿಲೋನಿನ ತಾಲ್ಮೂಡನ್ನು ಮೊತ್ತಮೊದಲ ಬಾರಿಗೆ ಸಮಗ್ರವಾಗಿ ಅಚ್ಚುಮಾಡಿದ; 1523ರ ವೇಳೆಗೆ ಆ ಕೆಲಸ ಮುಗಿಯಿತು. ಮೂವತ್ತು ವರ್ಷ ಕಳೆದು, 1553ರಲ್ಲಿ, ಅದೇ ನಗರದ ಸಂತ ಮಾರ್ಕನ ಚೌಕದಲ್ಲಿ ತಾಲ್ಮೂಡಿನ ಪ್ರತಿಗಳನ್ನು ಸುಟ್ಟರು. ಆದರೆ ಅಷ್ಟರಲ್ಲಿ ಪ್ರತಿಗಳು ದೂರದೂರದ ಊರುಗಳನ್ನು ಸೇರಿದ್ದವು. ಇಂದಿಗೂ ತಾಲ್ಮೂಡನ್ನು ಅಚ್ಚುಹಾಕುವವರು ಬಾಂಬರ್ಗನ ಪುಟಸಂಖ್ಯೆಯನ್ನೇ ಅನುಸರಿಸುತ್ತಾರೆ.

ಅರ್ಮೇನಿಯನ್ನರ ಮೊದಲ ಅಚ್ಚುಪುಸ್ತಕ ಹೊರಬಂದದ್ದು ಅರ್ಮೇನಿಯದಲ್ಲಲ್ಲ, 1512ರಲ್ಲಿ, ವೆನಿಸ್ಸಿನಲ್ಲಿ. ಎರಡು ಶತಮಾನದ ಬಳಿಕ ಮೆಖಿತಾರ್ ಎಂಬ ಅರ್ಮೇನಿಯನ್ ಸನ್ಯಾಸಿ ಯುದ್ಧಕ್ಕೆ ಸಿಲುಕಿದ ತನ್ನ ಮಠವನ್ನು ಬಿಟ್ಟು ಶಿಷ್ಯರೊಡನೆ ಬಂದಾಗ, 1717ರಲ್ಲಿ ಗಣರಾಜ್ಯವು ಅವನಿಗೆ ಸಂತ ಲಾಜರನ ಕಿರುದ್ವೀಪವನ್ನು ಕೊಟ್ಟಿತು. ಹಿಂದೆ ಕುಷ್ಠರೋಗಿಗಳನ್ನು ಇರಿಸುತ್ತಿದ್ದ ಜಾಗವದು. ಅಲ್ಲಿ ಮಠವೆದ್ದಿತು, ಹಸ್ತಪ್ರತಿಗಳು ಬಂದು ಸೇರಿದವು. 1749ರಲ್ಲಿ ಮೆಖಿತಾರನ ಅರ್ಮೇನಿಯನ್ ನಿಘಂಟಿನ ಮೊದಲ ಸಂಪುಟ ಹೊರಬಂದಿತು. 1789ರಲ್ಲಿ ದ್ವೀಪದಲ್ಲೇ ಅಚ್ಚುಕೂಟ ನೆಲೆಗೊಂಡಿತು. 1816ರಲ್ಲಿ ಇಂಗ್ಲಿಷ್ ಕವಿ ಬೈರನ್ ದೋಣಿಯೇರಿ ಅಲ್ಲಿಗೆ ಹೋಗಿ ಅರ್ಮೇನಿಯನ್ ಕಲಿಯುತ್ತಿದ್ದ. ಮಠ ಇಂದಿಗೂ ಇದೆ.

ಆ ನಗರದಲ್ಲಿ ಹೊರಗಿನವರ ಭವ್ಯ ಕಟ್ಟಡ ಇವರಾರದೂ ಅಲ್ಲ, ಜರ್ಮನ್ ವರ್ತಕರದು. ರಿಯಾಲ್ಟೊ ಸೇತುವೆಯ ಪಕ್ಕದ ಅವರ ವಸತಿಯೂ ಉಗ್ರಾಣವೂ ಆಗಿದ್ದ ಮಹಾಸೌಧ ಬೆಂಕಿಗೆ ಸಿಕ್ಕ ಮೇಲೆ 1508ರಲ್ಲಿ ಮತ್ತೆ ಎದ್ದಿತು. ವ್ಯಾಪಾರ ನಿಂತ ಮೇಲೆ ಅದು ಸುಂಕದ ಕಟ್ಟೆಯಾಯಿತು, ಅಂಚೆ ಕಚೇರಿಯಾಯಿತು, ಮಾರಾಟ ಮಳಿಗೆಯಾಯಿತು. 1797ರಲ್ಲಿ ನೆಪೋಲಿಯನ್ನನ ಮುಂದೆ ಗಣರಾಜ್ಯವೇ ಅಳಿಯಿತು. ಇಂದು ವೆನಿಸ್ಸಿನ ಸ್ವಂತ ಮಕ್ಕಳೇ ಊರು ಬಿಡುತ್ತಿದ್ದಾರೆ: 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು, 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಪ್ರವಾಸಿಗರು ತುಂಬಿರುವ ಊರಿನಲ್ಲಿ ನೆರೆಹೊರೆ ತೆಳುವಾಗಿದೆ. ಹೀಗಿದ್ದೂ ಫ್ಲಾಂಗಿನಿಯ ವಿದ್ಯಾಲಯವಿದ್ದ ಕಟ್ಟಡ ಇಂದು ಗ್ರೀಕ್ ಅಧ್ಯಯನ ಸಂಸ್ಥೆಗೆ ಆಶ್ರಯವಾಗಿದೆ. ಮೆಖಿತಾರನ ನಿಘಂಟು ಅರ್ಮೇನಿಯನ್ನರ ಆಸ್ತಿಯಾಗಿ ಉಳಿದಿದೆ.

ಅವರು ಯಾರ ರಾಜ್ಯವನ್ನೂ ಕೇಳಲಿಲ್ಲ. ಕೂಡಲು ಒಂದು ಸಂಘ, ಕಲಿಸಲು ಒಂದು ಶಾಲೆ, ಅಚ್ಚಿಗೆ ಕೊಡಲು ಸಿದ್ಧವಾದ ಬರಹ, ಇವನ್ನು ತಾವೇ ಹಣ ಕೂಡಿಸಿ, ಆಳಿದವರ ಒಪ್ಪಿಗೆ ಗಳಿಸಿ ಒದಗಿಸಿಕೊಂಡರು. ನಮ್ಮ ಸಂಘಗಳಿಗೆ ಮೊದಲನೆಯದು ಇದೆ. ಎರಡನೆಯದನ್ನು ನಾವು ಅಲ್ಲಲ್ಲಿ ಕಳೆದುಕೊಳ್ಳುತ್ತಿದ್ದೇವೆ. ಮೂರನೆಯದರಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ನಮ್ಮ ಊರುಗಳ ಹಿರಿಯರ ಬಾಯಲ್ಲಿರುವ ಕನ್ನಡದ ಮಾತುಗಳು, ಹಾಡುಗಳು, ಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಕಾಗದಪತ್ರಗಳು ಇನ್ನೂ ಅಚ್ಚಿಗೇರಿಲ್ಲ. ಮುಂದಿನ ಸಮ್ಮೇಳನದ ವೇಳೆಗೆ ಪ್ರತಿ ಊರಿನಿಂದ ಅಂಥದೊಂದು ಕಿರುಹೊತ್ತಗೆ ಹೊರಬಂದರೆ, ನಮ್ಮ ಈ ಸೇರುವಿಕೆ ಸಾರ್ಥಕವೆಂದು ನಾವು ಭಾವಿಸುತ್ತೇವೆ.