ಕಿರುಗೊಂಬೆ ಮಾರ್ಪಾಡು
ವೈಜ್ಞಾನಿಕ ಕಲ್ಪನಾಲೋಕದ ಮೇಜಿನ ಯುದ್ಧದಾಟಗಳಿಗಾಗಿ ಅಚ್ಚಿನ ಗೊಂಬೆಗಳನ್ನು ಕತ್ತರಿಸಿ, ಜೋಡಿಸಿ ಹೊಸ ರೂಪ ಕೊಡುವ ಹವ್ಯಾಸ. ಗೊಂಬೆ ಯುದ್ಧದಾಟಕ್ಕೆ ನಿಯಮ ಹಾಕಿಕೊಟ್ಟ ಆರಂಭದ ಪುಸ್ತಕಗಳಲ್ಲಿ ಎಚ್. ಜಿ. ವೆಲ್ಸ್ ಅವರ ‘ಲಿಟಲ್ ವಾರ್ಸ್’ (1913) ಒಂದು. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಆಟ ಹೊರತಂದ ಮೇಲೆ ಮಾರ್ಪಾಡಿನ ಕಲೆ ಹಬ್ಬಿತು. ಆ ಕಂಪನಿಯ ಪತ್ರಿಕೆ ‘ವೈಟ್ ಡ್ವಾರ್ಫ್’ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಟ್ಯಾಂಕ್ ಮಾಡುವುದನ್ನೂ ಓದುಗರಿಗೆ ಕಲಿಸಿತು.

ಸುಮಾರು 28 ಮಿ.ಮೀ. ಎತ್ತರದ ಗೊಂಬೆಯ ತೋಳನ್ನು ಬ್ಲೇಡಿನಿಂದ ಬಿಡಿಸಿ, ತೂತು ಕೊರೆದು, ತಂತಿ ಕೂರಿಸಿ ಬೇರೆ ತೋಳು ಅಂಟಿಸುತ್ತಾರೆ. ಹಳದಿ, ನೀಲಿ ಎಪಾಕ್ಸಿ ಪುಟ್ಟಿಗಳನ್ನು ಹಸಿರಾಗುವವರೆಗೆ ನಾದಿ ಸಂದು ಮುಚ್ಚುತ್ತಾರೆ. ಗಟ್ಟಿಯಾದ ಮೇಲೆ ಬಣ್ಣ ಹಚ್ಚುತ್ತಾರೆ.

ತಿಪಟೂರು ಸೇರಿದಂತೆ ಹಳೇ ಮೈಸೂರು ಸೀಮೆಯಲ್ಲಿ ದಸರಾ ಗೊಂಬೆ ಕೂರಿಸುವವರು ರಾಗಿ ಪೈರು ಬೆಳೆಸಿ ಹೊಲ, ತೋಟ, ಊರುಗಳನ್ನು ಕಟ್ಟುವುದು ಇದಕ್ಕೆ ಹತ್ತಿರದ ಕಲೆ. ನೋಡಬಂದವರೊಡನೆ ಉಪಾಯ ಹಂಚಿಕೊಳ್ಳುವ ರೂಢಿ ಎರಡರಲ್ಲೂ ಇದೆ.