ಮೈಗಳ್ಳ ಕದ್ದದ್ದಾದರೂ ಏನು?

ತುರ್ವಿಹಾಳದ ಕಡೆ ಭತ್ತದ ನಾಟಿ ಹೊತ್ತಿನಲ್ಲಿ ಕೆಲಸಕ್ಕೆ ತಪ್ಪಿಸಿಕೊಂಡವನ ಸುದ್ದಿ ಬಂದರೆ, ‘ಅವಾ ಮೈಗಳ್ಳ ಅದಾನ್ರಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆತ ಹಣ ಕದ್ದಿಲ್ಲ, ಕಾಳು ಕದ್ದಿಲ್ಲ. ಆದರೂ ಕಳ್ಳನಾದದ್ದು ಹೇಗೆ?

ಉತ್ತರ ಪದದಲ್ಲಿಯೇ ಇದೆ. ‘ಮೈ’ ಮತ್ತು ‘ಕಳ್ಳ’ ಸೇರಿ ‘ಮೈಗಳ್ಳ’ ಆಗಿದೆ. ಮಳೆ ಮತ್ತು ಕಾಲ ಕೂಡಿ ‘ಮಳೆಗಾಲ’ ಆದಂತೆ ಇಲ್ಲಿಯೂ ‘ಕ’ಕಾರ ‘ಗ’ಕಾರವಾಗಿದೆ. ಶಾಲೆಯಲ್ಲಿ ನಾವೆಲ್ಲ ಓದಿದ ಆದೇಶ ಸಂಧಿ ಇದು. ದುಡಿಯಬೇಕಾದ ತನ್ನ ಮೈಯನ್ನೇ ಕೆಲಸದಿಂದ ಕದ್ದು ಮರೆಸುವವನು ಮೈಗಳ್ಳ.

ಈ ಅರ್ಥದ ಬೇರೆ ಪದಗಳೂ ಕನ್ನಡದಲ್ಲಿ ಉಂಟು. ‘ಸೋಮಾರಿ’ಗೆ ತೆಲುಗಿನ ‘ಸೋಮರಿ’, ತಮಿಳಿನ ‘ಸೋಂಬೇರಿ’ ಒಡಹುಟ್ಟುಗಳು. ತಮಿಳಿನಲ್ಲಿ ‘ಸೋಂಬು’ ಎಂದರೆ ಜಡವಾಗಿರುವುದು. ‘ಆಲಸಿ’ ಸಂಸ್ಕೃತದ ‘ಅಲಸ’ದಿಂದ ಬಂದದ್ದು. ಉಂಡು ಅಲೆದಾಡುವವ ‘ಉಂಡಾಡಿ’. ಇವೆಲ್ಲ ಸ್ವಭಾವವನ್ನು ಹೇಳುವ ಪದಗಳು. ‘ಮೈಗಳ್ಳ’ ಮಾತ್ರ ನೇರವಾಗಿ ಕಳವಿನ ಆರೋಪ ಹೊರಿಸುತ್ತದೆ.

ಈ ಪದಕ್ಕೆ ಎದುರಾಗಿ ನಿಲ್ಲುವ ಪದ ‘ಕಾಯಕ’. ಕಾಯ ಎಂದರೂ ಮೈಯೇ. ಮೈಯನ್ನು ದುಡಿಮೆಗೆ ಕೊಡುವುದು ಕಾಯಕ, ದುಡಿಮೆಯಿಂದ ಬಚ್ಚಿಡುವುದು ಮೈಗಳ್ಳತನ. ಹನ್ನೆರಡನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಆತ ಮಾತಿನಲ್ಲಿ ಮೈಮರೆತಾಗ ‘ಕಾಯಕ ನಿಂತಿದೆ, ಹೋಗು’ ಎಂದು ಎಚ್ಚರಿಸಿದವಳು ಲಕ್ಕಮ್ಮ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದವಳೂ ಅವಳೇ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಲಕ್ಕಮ್ಮನ ಅಳತೆಯಲ್ಲಿ ದುಡಿಯದವನಷ್ಟೇ ಅಲ್ಲ, ಬೇಕಾದುದಕ್ಕಿಂತ ಹೆಚ್ಚು ಬಾಚಿಕೊಂಡವನೂ ತಪ್ಪಿತಸ್ಥ. ನಾವಾದರೋ ಮೊದಲನೆಯವನಿಗೆ ಮಾತ್ರ ಹೆಸರಿಟ್ಟಿದ್ದೇವೆ. ಅದನ್ನು ಬಹುಮಟ್ಟಿಗೆ ಕೂಲಿಯವನ ಮೇಲೆಯೇ ಎಸೆಯುತ್ತೇವೆ.

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬಾರದ ವರ್ಷ ಈ ಸೀಮೆಯ ಗದ್ದೆಗಳಲ್ಲಿ ಕೂಲಿ ಇರುವುದಿಲ್ಲ. ಕೆಲವರು ಗುಳೆ ಹೋಗುತ್ತಾರೆ, ಹೋಗಲಾರದವರು ಕಟ್ಟೆಯ ಮೇಲೆ ಕೂಡುತ್ತಾರೆ. ದೂರದಿಂದ ನೋಡಿದವರಿಗೆ ಅವರೂ ಮೈಗಳ್ಳರಂತೆ ಕಂಡಾರು! ಆದರೆ ಕೆಲಸವಿದ್ದೂ ಮೈ ಬಚ್ಚಿಟ್ಟವನಿಗೆ ಸಲ್ಲುವ ಪದವನ್ನು, ಮೈ ಇದ್ದೂ ಕೆಲಸ ಸಿಗದವನಿಗೆ ಅಂಟಿಸುವುದು ನ್ಯಾಯವಲ್ಲ.